ಮಾತ್ರೆ ನುಂಗಿದ ಮೇಲಿನ ಮಾತು

ನ್ಯಾಮತಿ ಕಡೆಯ ಒಂದು ಮದುವೆಯಲ್ಲಿ ಹೆಂಗಸರ ಕೋಣೆಯೊಳಗೆ ದಸ್ತರಖಾನ್ ಹಾಸುವುದನ್ನೇ ಕಾಯುತ್ತ ಕುಳಿತಿದ್ದೆವು. ಪಕ್ಕದಲ್ಲಿದ್ದ ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳೊಬ್ಬಳು, ಕಂಕುಳಲ್ಲಿ ಮಗು, ಮೆಲ್ಲಗೆ ಕಿವಿಯ ಬಳಿ ಬಂದು ಕೇಳಿದಳು: "ಆಪಾ, ಮೆಡಿಕಲ್ಸ್‌ನಿಂದ ಮಾತ್ರೆ ತರಿಸಿ ತಗಂಡಿದ್ದೆ. ಎಲ್ಲಾ ಹೋಯ್ತು. ಆಮೇಲೆ ಮುಟ್ಟೇ ಬರಲಿಲ್ಲ, ಈಗ ನೋಡಿದರೆ ಮತ್ತೆ ಪಾವ್ ಭಾರಿ. ಹಂಗೂ ಆಗ್ತತಾ?" ನಾವು ಬಾಯಿ ತೆಗೆಯುವ ಮೊದಲೇ ಗೋಡೆಗೆ ಒರಗಿದ್ದ ಖಾಲಾ ಒಬ್ಬರು ತೀರ್ಪು ಕೊಟ್ಟರು. ಮುಟ್ಟಾಗದೆ ಬಸಿರು ನಿಲ್ಲುವುದೇ ಇಲ್ಲವಂತೆ, ಹಳೆಯದೇ ಉಳಿದಿರಬೇಕಂತೆ. ಇನ್ನೊಬ್ಬರು, ಆ ಮಾತ್ರೆ ನುಂಗಿದವರಿಗೆ ಮುಂದೆ ಮಕ್ಕಳೇ ಆಗುವುದಿಲ್ಲ ಎಂದು ಹೇಳಿ, ಹಾಗಾದರೆ ಇದು ಅಲ್ಲಾಹನ ಕೃಪೆಯೇ ಎಂದು ಸೇರಿಸಿದರು. ಒಂದೇ ಕೋಣೆಯಲ್ಲಿ ಒಂದಕ್ಕೊಂದು ವಿರುದ್ಧವಾದ ಎರಡು ನಂಬಿಕೆಗಳು. ಎರಡೂ ತಪ್ಪು.

ಹಳೆಯದು ಉಳಿದಿರುವ ಸಾಧ್ಯತೆಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ, ಅದನ್ನು ವೈದ್ಯರೇ ನೋಡಬೇಕು. ಆದರೆ ಆ ಹುಡುಗಿ ಕೇಳಿದ ಪ್ರಶ್ನೆಗೆ ಉತ್ತರ, ಹೌದು, ಹಾಗೂ ಆಗುತ್ತದೆ. ಈ ಉತ್ತರ ಅವಳಿಗೆ ಮದುವೆ ಮನೆಯಲ್ಲಿ ಸಿಗಬೇಕಾಯಿತು ಎಂಬುದೇ ನಮ್ಮನ್ನು ಈ ಬರಹಕ್ಕೆ ಹಚ್ಚಿದ್ದು. ಯಾಕೆಂದರೆ ಚನ್ನಗಿರಿ, ಹೊನ್ನಾಳಿ, ಜಗಳೂರುಗಳು ಸೇರಿದ್ದ ಹಳೆಯ ಮೈಸೂರು ಸಂಸ್ಥಾನ, ಸಂತಾನ ನಿಯಂತ್ರಣದ ಮಾತನ್ನು ಸರ್ಕಾರದ ಆಸ್ಪತ್ರೆಯೊಳಗೆ ತಂದದ್ದು ತೊಂಬತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ.

1930ರ ಜೂನ್ 11ರಂದು ಮೈಸೂರು ಸರ್ಕಾರ ಸಂತಾನ ನಿಯಂತ್ರಣ ಕ್ಲಿನಿಕ್‌ಗಳನ್ನು ತೆರೆಯಲು ಆದೇಶ ಹೊರಡಿಸಿತು. ಬೆಂಗಳೂರು, ಮೈಸೂರುಗಳಲ್ಲಿ ಅವು ಶುರುವಾದವು. ಸರ್ಕಾರವೊಂದು ತಾನೇ ನಡೆಸಿದ ಇಂಥ ಕ್ಲಿನಿಕ್ ಜಗತ್ತಿನಲ್ಲೇ ಇದು ಮೊದಲು ಎಂದು ಜನಸಂಖ್ಯೆಯ ಇತಿಹಾಸ ಬರೆದವರು ಹೇಳುತ್ತ ಬಂದಿದ್ದಾರೆ. ಆಗ ಸಿಂಹಾಸನದಲ್ಲಿ ಇದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ಆಡಳಿತದ ಹೊಣೆ ಹೊತ್ತಿದ್ದವರು 1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್. ಬೃಂದಾವನದ ಕಾರಂಜಿ, ಊರೂರಿನ ಉದ್ಯಾನ, ಕಾರ್ಖಾನೆ ಎಂದು ಮಿರ್ಜಾ ಸಾಹೇಬರನ್ನು ನೆನೆಯುವ ನಾವು ಈ ಆದೇಶವನ್ನು ಮರೆತಿದ್ದೇವೆ. ಮುಸಲ್ಮಾನರೆಂದರೆ ಹುಟ್ಟಿನ ಲೆಕ್ಕ ಮಾತ್ರ ಎಂದು ಚುನಾವಣೆಯ ವೇದಿಕೆಗಳಲ್ಲಿ ಕೂಗುವವರಿಗೂ, ಕುಟುಂಬ ಯೋಜನೆ ಎಂದರೆ ನಮ್ಮ ವಿರುದ್ಧದ ಸಂಚು ಎಂದು ಪಿಸುಗುಟ್ಟುವ ನಮ್ಮವರಿಗೂ ಇದು ಗೊತ್ತಿದ್ದರೆ ಒಳ್ಳೆಯದಿತ್ತು.

ಆ ವರ್ಷದ ಉಳಿದ ಜಗತ್ತನ್ನೂ ಒಮ್ಮೆ ನೋಡಬೇಕು. ಮೈಸೂರಿನ ಆದೇಶ ಜೂನ್‌ನಲ್ಲಿ. ಆಗಸ್ಟ್‌ನಲ್ಲಿ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಸೇರಿದ ಆಂಗ್ಲಿಕನ್ ಬಿಷಪ್ಪರು ಬಹಳ ಅಳೆದೂ ತೂಗಿ, ಕೆಲವು ಸಂದರ್ಭಗಳಲ್ಲಿ ದಂಪತಿಗಳು ಗರ್ಭನಿರೋಧಕ ಬಳಸಬಹುದೆಂದರು. ಡಿಸೆಂಬರ್ ಕೊನೆಯ ದಿನ ಪೋಪ್ ಹನ್ನೊಂದನೇ ಪಯಸ್ ಅದನ್ನು ಪೂರ್ತಿ ನಿಷೇಧಿಸುವ ಸುತ್ತೋಲೆ ಹೊರಡಿಸಿದರು. ಅಮೆರಿಕದಲ್ಲಿ ಇಂಥ ವಸ್ತುಗಳನ್ನು ಅಂಚೆಯಲ್ಲಿ ಕಳಿಸುವುದು ಇನ್ನೂ ಅಪರಾಧ. ಇತ್ತ ಗಾಂಧೀಜಿ ಕೃತಕ ಸಾಧನಗಳ ವಿರೋಧಿ. 1935ರ ಡಿಸೆಂಬರ್‌ನಲ್ಲಿ ಮಾರ್ಗರೆಟ್ ಸ್ಯಾಂಗರ್ ವಾರ್ಧಾಕ್ಕೇ ಹೋಗಿ ವಾದಿಸಿದರೂ ಸಂಯಮವೊಂದೇ ದಾರಿ ಎಂಬ ಮಾತಿನಿಂದ ಅವರು ಕದಲಲಿಲ್ಲ. ಇವೆಲ್ಲದರ ನಡುವೆ ಒಂದು ದೇಶಿ ಸಂಸ್ಥಾನ ಸದ್ದಿಲ್ಲದೆ ಕ್ಲಿನಿಕ್ಕಿನ ಬಾಗಿಲು ತೆರೆದಿತ್ತು. ಬಾಗಿಲು ತೆರೆದದ್ದು ರಾಜಧಾನಿಯಲ್ಲಿ. ಶಿವಮೊಗ್ಗ ಜಿಲ್ಲೆಯ ಚನ್ನಗಿರಿ, ಹೊನ್ನಾಳಿಗಳಿಂದಾಗಲಿ, ಚಿತ್ರದುರ್ಗ ಜಿಲ್ಲೆಯ ಜಗಳೂರಿನಿಂದಾಗಲಿ ಅಲ್ಲಿಗೆ ಹೋಗಬಲ್ಲ ಹೆಂಗಸರು ಎಷ್ಟು ಮಂದಿ ಇದ್ದಾರು? ಹಳ್ಳಿಯವರಿಗೆ ಸೂಲಗಿತ್ತಿ ಇದ್ದಳು, ನಮ್ಮ ಓಣಿಗಳಲ್ಲಿ ದಾಯಿ ಇದ್ದಳು. ಬೇಡದ ಬಸಿರಿಗೆ ಎಕ್ಕದ ಕಡ್ಡಿ, ಚಿತ್ರಮೂಲದ ಬೇರು ಇದ್ದವು. ಅವುಗಳಿಂದ ಎಷ್ಟು ತಾಯಂದಿರು ನಂಜಾಗಿ ಸತ್ತರೆಂಬುದು ಯಾವ ದಫ್ತರದಲ್ಲೂ ಸೇರಲಿಲ್ಲ. ಬದುಕಿ ಉಳಿದವಳನ್ನೂ ಅಪರಾಧಿ ಎಂದು ಕರೆಯಲು 1860ರ ದಂಡಸಂಹಿತೆಯ 312ನೇ ಕಲಮು ಸಿದ್ಧವಾಗಿತ್ತು.

ಇಲ್ಲಿ ದೀನಿನ ಮಾತನ್ನು ತಪ್ಪಿಸಿಕೊಂಡು ಹೋಗುವಂತಿಲ್ಲ, ಈ ಪತ್ರಿಕೆಯ ಓದುಗರು ಅದನ್ನೇ ಮೊದಲು ಕೇಳುತ್ತಾರೆ. ಗರ್ಭ ನಿಲ್ಲದಂತೆ ನೋಡಿಕೊಳ್ಳುವುದು, ನಿಂತ ಗರ್ಭವನ್ನು ತೆಗೆಸುವುದು ಎರಡನ್ನೂ ನಮ್ಮ ಪೂರ್ವಿಕರು ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ. ಪ್ರವಾದಿಯವರ ಕಾಲದಲ್ಲಿ ಸಹಚರರು 'ಅಝ್ಲ್' ಅಂದರೆ ಹೊರಸ್ಖಲನ ಅನುಸರಿಸುತ್ತಿದ್ದರೆಂಬ ವರದಿ ಹಝ್ರತ್ ಜಾಬಿರ್ ಅವರಿಂದ ಬಂದಿದೆ. ಅದರ ಮೇಲೆಯೇ ಬಹುಪಾಲು ಫುಖಹಾಗಳು ಅನುಮತಿಯ ಮಾತು ಆಡಿದರು. ಹೆಂಡತಿಯ ಒಪ್ಪಿಗೆ ಬೇಕೆಂದು ಹಲವರು ಸೇರಿಸಿದರು. 1111ರಲ್ಲಿ ತೀರಿಕೊಂಡ ಇಮಾಮ್ ಗಝಾಲಿಯವರು ಇನ್ನೂ ಮುಂದೆ ಹೋಗಿ, ಹೆಚ್ಚು ಮಕ್ಕಳಿಂದ ಬರುವ ಸಂಸಾರದ ಕಷ್ಟವನ್ನು, ಹೆಂಡತಿಯ ಆರೋಗ್ಯ ಮತ್ತು ಚೆಲುವನ್ನು ಕಾಪಾಡುವ ಆಸೆಯನ್ನು ಸಹ ಒಪ್ಪತಕ್ಕ ಕಾರಣಗಳೆಂದು ಎಣಿಸಿದರು. ಆದರೆ ಅದೇ ಗಝಾಲಿಯವರಿಗೆ ಗರ್ಭ ತೆಗೆಸುವುದು ತಪ್ಪು, ಗರ್ಭ ಬೆಳೆದಂತೆ ತಪ್ಪೂ ಬೆಳೆಯುತ್ತದೆ. ಇಬ್ನ್ ಸೀನಾ ತಮ್ಮ ವೈದ್ಯಗ್ರಂಥ 'ಅಲ್ ಖಾನೂನ್'ನಲ್ಲಿ ಗರ್ಭ ತಡೆಯುವ ಔಷಧಗಳಿಗೆ ಜಾಗ ಕೊಟ್ಟಿದ್ದರು, ಯಾರೂ ಅವರನ್ನು ಸಂಚುಕೋರನೆನ್ನಲಿಲ್ಲ.

ದಾವಣಗೆರೆ ಸೀಮೆಯ ನಾವು ಹೆಚ್ಚಾಗಿ ಹನಫಿಗಳು. ಈ ಪಂಥದಲ್ಲಿ ಭ್ರೂಣಕ್ಕೆ ರೂಹು ಬರುವುದು 120 ದಿನಕ್ಕೆ ಎಂಬ ಲೆಕ್ಕವಿದೆ. ಅದಕ್ಕೆ ಮುಂಚೆ, ತಕ್ಕ ಕಾರಣ ಇದ್ದರೆ ತೆಗೆಸಬಹುದೆಂದವರು ಇದ್ದಾರೆ, ಕೂಡದೆಂದವರೂ ಇದ್ದಾರೆ. 1836ರಲ್ಲಿ ತೀರಿಕೊಂಡ ದಮಾಸ್ಕಸ್‌ನ ಇಬ್ನ್ ಆಬಿದೀನ್ ಹಳೆಯ ಅಭಿಪ್ರಾಯಗಳನ್ನು ಕೂಡಿಸುವಾಗ ಒಂದು ಉದಾಹರಣೆಯನ್ನು ಎತ್ತಿಕೊಳ್ಳುತ್ತಾರೆ. ಒಬ್ಬಳು ಹಾಲೂಡಿಸುತ್ತಿದ್ದಾಳೆ. ಮತ್ತೆ ಬಸಿರಾಗಿ ಹಾಲು ಬತ್ತಿದೆ. ಕೂಸಿಗೆ ಬೇರೆ ಹಾಲುತಾಯಿಯನ್ನು ಗೊತ್ತುಮಾಡುವಷ್ಟು ಹಣ ಗಂಡನಲ್ಲಿ ಇಲ್ಲ. ಇದು ಕಾರಣವೇ. ಮದುವೆ ಮನೆಯ ಆ ಹುಡುಗಿಯ ಕಂಕುಳಲ್ಲಿದ್ದ ಮಗುವನ್ನು ನೆನೆದಾಗೆಲ್ಲ, ನೂರಾರು ವರ್ಷಗಳ ಹಿಂದಿನ ಆ ಮುಫ್ತಿಗಳಿಗೆ ಅವಳ ಮನೆ ಗೊತ್ತಿತ್ತಲ್ಲ ಎನ್ನಿಸುತ್ತದೆ. 1930ರ ದಶಕದಲ್ಲಿ ಮೌಲಾನಾ ಮೌದೂದಿಯವರು ಸಂತಾನ ನಿಯಂತ್ರಣವನ್ನು ಪಶ್ಚಿಮದ ರೋಗವೆಂದು ಖಂಡಿಸಿ ಉರ್ದುವಿನಲ್ಲಿ ಪುಸ್ತಕ ಬರೆದರು. ಉರ್ದು ಬಲ್ಲ ಮನೆಗಳಲ್ಲಿ ಆ ಪುಸ್ತಕದ ಮಾತು ಓಡಾಡಿತು, ಇಬ್ನ್ ಆಬಿದೀನರದು ಅರಬಿಯಲ್ಲೇ ಉಳಿಯಿತು. ಇದರ ಬಗ್ಗೆ ಉಲಮಾಗಳೊಡನೆ ಜಗಳಕ್ಕೆ ನಿಲ್ಲುವ ಉದ್ದೇಶ ನಮಗಿಲ್ಲ. ಭಿನ್ನಾಭಿಪ್ರಾಯ ಇರುವುದೇ ಗರ್ಭಪಾತದಲ್ಲಿ, ಗರ್ಭನಿರೋಧದಲ್ಲಿ ಅಷ್ಟಿಲ್ಲ ಎಂಬುದಷ್ಟೇ ನಮ್ಮ ಮಾತು. ಹಾಗಾದರೆ ಎರಡನೆಯದನ್ನು ಮುಚ್ಚಿಟ್ಟು ಮೊದಲನೆಯದಕ್ಕೆ ಹೆಂಗಸರನ್ನು ತಳ್ಳುವುದು ಯಾವ ದೀನು?

ಸ್ವಾತಂತ್ರ್ಯ ಬಂದ ಮೇಲೆ ಮೈಸೂರು ಮತ್ತೆ ಪ್ರಯೋಗಶಾಲೆಯಾಯಿತು. 1951-52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಕೂಡಿ ಇಲ್ಲಿ ನಡೆಸಿದ ಜನಸಂಖ್ಯಾ ಸಮೀಕ್ಷೆ 1961ರಲ್ಲಿ 'ಮೈಸೂರು ಪಾಪ್ಯುಲೇಶನ್ ಸ್ಟಡಿ' ಎಂಬ ಹೆಸರಿನಲ್ಲಿ ಅಚ್ಚಾಯಿತು. ಸಾಕು ಎನ್ನುವ ಹೆಂಗಸರು ಹಳ್ಳಿಗಳಲ್ಲೂ ಇದ್ದರು, ದಾರಿ ಗೊತ್ತಿದ್ದವರು ಇರಲಿಲ್ಲ. ಅದೇ ಹೊತ್ತಿಗೆ ಆರೋಗ್ಯ ಮಂತ್ರಿ, ಗಾಂಧಿವಾದಿ ರಾಜಕುಮಾರಿ ಅಮೃತ್ ಕೌರ್ ಅವರ ಕೋರಿಕೆಯಂತೆ ವಿಶ್ವ ಆರೋಗ್ಯ ಸಂಸ್ಥೆ ಡಾ. ಅಬ್ರಹಾಂ ಸ್ಟೋನ್ ಅವರನ್ನು ಕಳಿಸಿತು. ಸಾಧನ ಬೇಡ, ದಿನದ ಲೆಕ್ಕ ಸಾಕು ಎಂಬುದು ಮಂತ್ರಿಗಳ ಪಟ್ಟು. ದಿಲ್ಲಿಯ ಲೋದಿ ಕಾಲೊನಿಯಲ್ಲೂ ನಮ್ಮ ರಾಮನಗರದಲ್ಲೂ ಹೆಂಗಸರಿಗೆ ಬಣ್ಣದ ಮಣಿಸರ ಕೊಟ್ಟರು. ಹಸಿರು ಮಣಿಯ ದಿನ ಭಯವಿಲ್ಲ, ಕೆಂಪು ಮಣಿಯ ದಿನ ದೂರವಿರಬೇಕು. ಕತ್ತಲಲ್ಲಿ ಬಣ್ಣ ಕಾಣದಾಯಿತು, ಮಣಿ ಸರಿಸಲು ಮರೆತುಹೋಯಿತು, ಸರ ಕೊರಳಲ್ಲಿ ಇದ್ದರೇ ಸಾಕು ತಾಯತದಂತೆ ಕಾಯುತ್ತದೆ ಎಂದು ಕೆಲವರು ತಿಳಿದರು ಎಂದು ಆ ಕಾಲದ ಬರಹಗಳು ಹೇಳುತ್ತವೆ. ನಗುವವರು ನಗಬಹುದು. ಆದರೆ ಆ ಮಣಿಸರದ ತರ್ಕ ಇಂದಿಗೂ ನಮ್ಮ ಹೆಂಗಸರ ತಲೆಯಲ್ಲಿದೆ: ಲೆಕ್ಕ ಶುರುವಾಗುವುದು ಮುಟ್ಟಿನಿಂದ, ಮುಟ್ಟು ಬಾರದೆ ಲೆಕ್ಕವಿಲ್ಲ, ಲೆಕ್ಕವಿಲ್ಲದ ದಿನಗಳಲ್ಲಿ ಬಸಿರಿನ ಭಯವಿಲ್ಲ. ಖಾಲಾ ಕೊಟ್ಟ ತೀರ್ಪು ಇದೇ.

ಮುಂದಿನದು ಗುರಿಗಳ ಕಾಲ. 1965ರಲ್ಲಿ ಲೂಪ್ ಬಂತು. ಹಾಕುವಾಗ ಇದ್ದ ಉತ್ಸಾಹ, ರಕ್ತಸ್ರಾವವೆಂದು ಹಿಂದಿರುಗಿ ಬಂದವಳನ್ನು ನೋಡುವಾಗ ಇರಲಿಲ್ಲ. ಎರಡು-ಮೂರು ವರ್ಷದಲ್ಲಿ ಅದರ ಹೆಸರು ಕೆಟ್ಟಿತು. ಕೆಂಪು ತ್ರಿಕೋನ ಗೋಡೆ ಗೋಡೆಗೆ ಬಂತು, 1968ರಲ್ಲಿ ನಿರೋಧ್ ಬಂತು. 1973ರಲ್ಲಿ ವಿಶ್ವಬ್ಯಾಂಕ್ ಮತ್ತು ಸ್ವೀಡನ್ ಹಣದ ಇಂಡಿಯಾ ಪಾಪ್ಯುಲೇಶನ್ ಪ್ರಾಜೆಕ್ಟ್ ಬೆಂಗಳೂರು ವಿಭಾಗದ ಜಿಲ್ಲೆಗಳನ್ನು ಆಯ್ದುಕೊಂಡಿತು. ಆಗಿನ ಶಿವಮೊಗ್ಗ, ಚಿತ್ರದುರ್ಗ ಅದೇ ವಿಭಾಗದವು. ಆರೋಗ್ಯ ಕೇಂದ್ರದ ಕಟ್ಟಡಗಳು ಎದ್ದವು, ನರ್ಸಮ್ಮಗಳು ಬಂದರು.

ಗರ್ಭಪಾತದ ಕಾನೂನೂ ಇದೇ ಗಾಳಿಯಲ್ಲಿ ಹುಟ್ಟಿತು. 1964ರಲ್ಲಿ ನೇಮಿಸಿದ ಶಾಂತಿಲಾಲ್ ಶಾ ಸಮಿತಿ 1966ರ ಕೊನೆಯಲ್ಲಿ ವರದಿ ಕೊಟ್ಟಿತು. ಕದ್ದುಮುಚ್ಚಿ ನಡೆಯುವ ಗರ್ಭಪಾತಗಳಿಂದ ಸಾಯುವ ತಾಯಂದಿರನ್ನು ಉಳಿಸಬೇಕೆಂಬುದೇ ಅದರ ಕಾಳಜಿ. 1971ರ ಆಗಸ್ಟ್ 10ಕ್ಕೆ ಕಾಯ್ದೆಯಾಗಿ 1972ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಮದುವೆಯಾದವಳು ಅಥವಾ ಅವಳ ಗಂಡ ಬಳಸಿದ ಸಾಧನ ಕೈಕೊಟ್ಟರೆ ಅದೂ ಕಾರಣವೆಂದು ಕಾಯ್ದೆ ಒಪ್ಪಿತು. ಜನ ಅದನ್ನು 'ಕ್ಲೀನ್ ಮಾಡಿಸುವುದು' ಎಂದು ಕರೆದರು. ಆದರೆ ಕ್ಲೀನ್ ಮಾಡಿಸಲು ಹೋದವಳ ಮುಂದೆ ಅನೇಕ ಕಡೆ ಒಂದು ಷರತ್ತು ಕಾದಿರುತ್ತಿತ್ತು: ಆಪರೇಷನ್ ಮಾಡಿಸಿಕೊ, ಇಲ್ಲವೆ ವಂಕಿ ಹಾಕಿಸಿಕೊ, ಆಮೇಲೆ ಇದು. ದೇಶದ ಹಲವು ಭಾಗಗಳ ಅಧ್ಯಯನಗಳಲ್ಲಿ ಈ ದೂರು ದಾಖಲಾಗಿದೆ. ಗರ್ಭಪಾತದ ಅನಂತರದ ಗರ್ಭನಿರೋಧ ಎಂಬ ಒಳ್ಳೆಯ ವಿಚಾರ ನಮ್ಮ ಹೆಂಗಸರಿಗೆ ಮೊದಲು ಪರಿಚಯವಾದದ್ದು ಹೀಗೆ, ಸಾಲದ ಜೊತೆ ಬರುವ ಬಡ್ಡಿಯಂತೆ. ಷರತ್ತಿಗೆ ಹೆದರಿದವಳು ಆಸ್ಪತ್ರೆಯನ್ನೇ ಬಿಟ್ಟು ಬೇರೆ ಬಾಗಿಲು ಹುಡುಕಿದಳು.

ತುರ್ತುಪರಿಸ್ಥಿತಿಯ ಕಥೆ ಎಲ್ಲರಿಗೂ ಗೊತ್ತಿರುವುದೇ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 83 ಲಕ್ಷ ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು, ಅದರಲ್ಲಿ 62 ಲಕ್ಷದಷ್ಟು ಗಂಡಸರದು. ದಿಲ್ಲಿಯ ತುರ್ಕಮಾನ್ ಗೇಟ್, ಮುಜಫ್ಫರ್‌ನಗರ, ಹರಿಯಾಣದ ಉತ್ತಾವರ್. ಉತ್ತರದ ಕ್ರೌರ್ಯ ದೇವರಾಜ ಅರಸರ ಕರ್ನಾಟಕದಲ್ಲಿ ಅದೇ ರೂಪದಲ್ಲಿ ನಡೆಯಲಿಲ್ಲವಾದರೂ ಭಯಕ್ಕೆ ರೈಲು ಟಿಕೆಟ್ ಬೇಕಿರಲಿಲ್ಲ. ನಮ್ಮ ಓಣಿಗಳಲ್ಲಿ ಜೀಪು ಕಂಡರೆ ಗಂಡಸರು ಹೊಲದ ದಾರಿ ಹಿಡಿಯುತ್ತಿದ್ದರೆಂದು ಹಿರಿಯರು ಹೇಳುವುದನ್ನು ಕೇಳಿಯೇ ನಾವು ಬೆಳೆದೆವು. ಆಮೇಲೆ ಸರ್ಕಾರಗಳು ಗಂಡಸರನ್ನು ಮುಟ್ಟಲು ಹೆದರಿದವು. ಹೊರೆ ಪೂರ್ತಿ ಹೆಂಗಸಿನ ಮೇಲೆ ಬಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತೆಯರಲ್ಲಿ ಶೇ. 57ರಷ್ಟು ಮಂದಿಗೆ ಆಪರೇಷನ್ ಆಗಿದೆ. ಗಂಡಸರ ಅಂಕಿ ಸೊನ್ನೆಯ ಪಕ್ಕದಲ್ಲೇ ಇದೆ. ಆಪರೇಷನ್ ಆದಮೇಲೆ ಸರಿ. ಮೊದಲ ಮಗುವಿಗೂ ಎರಡನೆಯದಕ್ಕೂ ನಡುವೆ ಮೂರು ವರ್ಷ ಅಂತರ ಬೇಕೆಂದರೆ? ಆ ಅಂತರದ ಜಾಗ ಖಾಲಿಯೇ ಇತ್ತು. ಅಲ್ಲಿಗೆ ಬಂದದ್ದು ಈ ಮಾತ್ರೆ.

ಅದರ ಹುಟ್ಟು ಪ್ಯಾರಿಸ್ಸಿನಲ್ಲಿ, 1980ರಲ್ಲಿ, ರೂಸೆಲ್-ಉಕ್ಲಾಫ್ ಕಂಪನಿಯ ಪ್ರಯೋಗಾಲಯದಲ್ಲಿ. ಗರ್ಭವನ್ನು ಹಿಡಿದು ನಿಲ್ಲಿಸುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ಬಾಗಿಲಿಗೆ ಅಗುಳಿ ಹಾಕುವ ಈ ಮಾತ್ರೆಯ ಹೆಸರು ಮಿಫೆಪ್ರಿಸ್ಟೋನ್. 2025ರಲ್ಲಿ ತೀರಿಕೊಂಡ ವಿಜ್ಞಾನಿ ಎಟಿಯೆನ್ ಬೊಲ್ಯೂ ಅದರ ಹಿಂದಿನ ಮುಖ್ಯ ಹೆಸರು. 1988ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸ್ ಅನುಮತಿ ಕೊಟ್ಟಿತು, ಪ್ರತಿಭಟನೆಗೆ ಬೆದರಿ ಕಂಪನಿ ಅಕ್ಟೋಬರ್‌ನಲ್ಲಿ ಹಿಂತೆಗೆಯಿತು, ಎರಡೇ ದಿನದಲ್ಲಿ ಅಲ್ಲಿನ ಆರೋಗ್ಯ ಮಂತ್ರಿ ಅದು ಹೆಂಗಸರ ಸೊತ್ತು ಎಂಬರ್ಥದ ಮಾತು ಹೇಳಿ ಮತ್ತೆ ಮಾರುಕಟ್ಟೆಗೆ ತರಿಸಿದರು. ಜೊತೆಗೆ ಕೊಡುವ ಮಿಸೊಪ್ರೊಸ್ಟಾಲ್ ಮೂಲತಃ ಹೊಟ್ಟೆಹುಣ್ಣಿನ ಔಷಧಿ. ಅದು ಗರ್ಭಕೋಶವನ್ನು ಸಂಕುಚಿಸುತ್ತದೆ. ಭಾರತದಲ್ಲಿ ಮಿಫೆಪ್ರಿಸ್ಟೋನ್‌ಗೆ 2002ರಲ್ಲೂ, ಎರಡೂ ಸೇರಿದ ಪ್ಯಾಕಿಗೆ 2008ರಲ್ಲೂ ಒಪ್ಪಿಗೆ ಸಿಕ್ಕಿತು. ಒಂಬತ್ತು ವಾರದೊಳಗಿನ ಬಸಿರಿಗೆ, ಅರ್ಹ ವೈದ್ಯರು ನೋಡಿ ಬರೆದುಕೊಟ್ಟರೆ ಮಾತ್ರ ಎಂಬುದು ನಿಯಮ. ನಡೆಯುವುದು ಬೇರೆ. 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಂದಾಜಿನಂತೆ 2015ರಲ್ಲಿ ದೇಶದಲ್ಲಿ 1 ಕೋಟಿ 56 ಲಕ್ಷ ಗರ್ಭಪಾತಗಳಾದವು. ಅವುಗಳಲ್ಲಿ ಶೇ. 73 ಆಸ್ಪತ್ರೆಯ ಹೊರಗೆ, ಮಾತ್ರೆಯಿಂದ. ಅಂದರೆ ಮುಕ್ಕಾಲು ಪಾಲು ಹೆಂಗಸರಿಗೆ ಅನಂತರದ ಮಾತು ಹೇಳಬೇಕಾದವನು ಅಂಗಡಿಯ ಹುಡುಗ. ಅವನು ಪೇಪರಿನಲ್ಲಿ ಸುತ್ತಿ ಕೊಡುತ್ತಾನೆ, ಕೊಂಡುಹೋಗುವವನು ಹೆಚ್ಚಾಗಿ ಗಂಡ.

ಹೇಳಬೇಕಾದ ಮಾತು ದೊಡ್ಡದೇನಲ್ಲ. ಮಾತ್ರೆ ಕೆಲವೇ ದಿನದಲ್ಲಿ ಮೈಯಿಂದ ಹೊರಹೋಗುತ್ತದೆ. ಬಸಿರಿನ ಹಾರ್ಮೋನು ಇಳಿದ ಕೂಡಲೇ ಅಂಡಾಶಯ ಮತ್ತೆ ಕೆಲಸಕ್ಕೆ ತೊಡಗುತ್ತದೆ. ಸಾಮಾನ್ಯವಾಗಿ ಮೂರು ವಾರದ ಸುತ್ತಿನಲ್ಲಿ, ಕೆಲವರಲ್ಲಿ ಎಂಟನೇ ದಿನಕ್ಕೇ ಅಂಡ ಬಿಡುಗಡೆಯಾಗಬಹುದು. ಮುಟ್ಟು ಬರುವುದು ಅಂಡ ಬಂದು ಸುಮಾರು ಎರಡು ವಾರದ ಮೇಲೆ. ಆದ್ದರಿಂದ ಮುಟ್ಟನ್ನು ಕಾಯುತ್ತ ಕುಳಿತವಳಿಗೆ ಮುಟ್ಟಿನ ಬದಲು ಬಸಿರೇ ಬರಬಹುದು. ರಾಮನಗರದ ಮಣಿಸರಕ್ಕೆ ಈ ದಿನಗಳ ಲೆಕ್ಕ ಗೊತ್ತಿಲ್ಲ. ಇನ್ನೊಂದು ಭಯ, ಮುಂದೆ ಮಕ್ಕಳಾಗುವುದಿಲ್ಲ ಎಂಬುದು. ಸರಿಯಾಗಿ ನಡೆದ ಮಾತ್ರೆಯ ಗರ್ಭಪಾತದಿಂದ ಬಂಜೆತನ ಬರುವುದಿಲ್ಲ. ಅಪಾಯ ಇರುವುದು ಒಳಗೆ ಚೂರು ಉಳಿದು ನಂಜಾಗಿ, ಅದನ್ನು ಮುಚ್ಚಿಟ್ಟುಕೊಂಡು ಕೂತಾಗ. ನಂಜು ಗರ್ಭನಾಳಕ್ಕೆ ಏರಿದರೆ ಹಾನಿಯಾಗುತ್ತದೆ. ಗಂಟೆಗೆ ಎರಡು ಪ್ಯಾಡು ನೆನೆಯುವಂತೆ ಎರಡು ಗಂಟೆ ರಕ್ತ ಹೋದರೆ, ಒಂದು ದಿನ ದಾಟಿಯೂ ಜ್ವರ ಇಳಿಯದಿದ್ದರೆ, ಕೆಟ್ಟ ವಾಸನೆ ಬಂದರೆ, ತಡೆಯಲಾರದ ನೋವಿದ್ದರೆ, ಯಾರು ಏನಂದಾರೆಂದು ನೋಡದೆ ಆಸ್ಪತ್ರೆಗೆ ಓಡಬೇಕು. ಜಗಳೂರಿನಿಂದ ದಾವಣಗೆರೆಗೆ, ನ್ಯಾಮತಿಯಿಂದ ಶಿವಮೊಗ್ಗಕ್ಕೆ ಬಸ್ಸು ಕಾಯುವ ಹೊತ್ತೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಸಾಧನಗಳ ಮಟ್ಟಿಗೆ ಹೇಳುವುದಾದರೆ, ನಿರೋಧ್ ಮೊದಲ ದಿನದಿಂದಲೇ. ಮಾಲಾ-ಎನ್, ಛಾಯಾ ಮಾತ್ರೆಗಳನ್ನು ಗರ್ಭಪಾತದ ಮೊದಲ ಮಾತ್ರೆಯ ದಿನವೇ ಶುರುಮಾಡಬಹುದು. ಛಾಯಾ ಹಾರ್ಮೋನು ಅಲ್ಲದ ಮಾತ್ರೆ, ಕಂಡುಹಿಡಿದದ್ದು ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು. ಮೂರು ತಿಂಗಳಿಗೊಮ್ಮೆ ಚುಚ್ಚುವ ಅಂತರಾ 2017ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಆದರೆ ಅದನ್ನು ಬಿಟ್ಟಮೇಲೆ ಬಸಿರಾಗಲು ಏಳೆಂಟು ತಿಂಗಳು ಹಿಡಿಯಬಹುದು, ಬೇಗ ಇನ್ನೊಂದು ಮಗು ಬೇಕೆನ್ನುವವಳಿಗೆ ಇದನ್ನು ಮೊದಲೇ ಹೇಳಬೇಕು. ವಂಕಿಯನ್ನು ಗರ್ಭಪಾತ ಪೂರ್ತಿಯಾಗಿದೆ ಎಂದು ವೈದ್ಯರು ಖಚಿತಪಡಿಸಿದ ಮೇಲೆ ಹಾಕುತ್ತಾರೆ. ಆಪರೇಷನ್ ವಿಷಯದಲ್ಲಿ ನಮ್ಮದೊಂದು ಅಭಿಪ್ರಾಯ: ನೋವು, ನಾಚಿಕೆ, ಅತ್ತೆಯ ಮಾತು ಎಲ್ಲ ತಲೆಯಲ್ಲಿ ತುಂಬಿದ ವಾರದಲ್ಲಿ ತಿರುಗಿ ಬಾರದ ತೀರ್ಮಾನ ಮಾಡದಿದ್ದರೆ ಒಳ್ಳೆಯದು.

ನಮ್ಮವರ ಮನಸ್ಸು ಬದಲಾಗಿಲ್ಲ ಎನ್ನುವವರಿಗೆ ಒಂದು ಅಂಕಿ ಸಾಕು. 1992-93ರಲ್ಲಿ ದೇಶದ ಮುಸ್ಲಿಂ ಮಹಿಳೆಗೆ ಸರಾಸರಿ 4.4 ಮಕ್ಕಳು, 2019-21ರಲ್ಲಿ 2.36. ಬೇರೆ ಸಮುದಾಯಗಳಿಗಿಂತ ವೇಗದ ಇಳಿಕೆ ಇದು. ಯಾವ ಫತ್ವಾದಿಂದಲೂ, ಯಾವ ಜೀಪಿನಿಂದಲೂ ಬಂದದ್ದಲ್ಲ. ಹುಡುಗಿಯರು ಶಾಲೆಗೆ ಹೋದರು, ಬೀಡಿ ಕಟ್ಟಿದರು, ಮಗಳಿಗೆ ಪಿಯುಸಿ ಓದಿಸಲು ಲೆಕ್ಕ ಹಾಕಿದರು. ಮನಸ್ಸು ಸಿದ್ಧವಿದೆ. ಮಾತು ಮಾತ್ರ ಮೆಡಿಕಲ್ಸ್‌ನ ಪೇಪರಿನೊಳಗೇ ಉಳಿದಿದೆ.

ಕಾನೂನೂ ಬದಲಾಗಿದೆ. 2021ರ ತಿದ್ದುಪಡಿಯಲ್ಲಿ 'ಮದುವೆಯಾದವಳು, ಗಂಡ' ಎಂಬ ಪದಗಳ ಜಾಗಕ್ಕೆ 'ಯಾವುದೇ ಮಹಿಳೆ, ಸಂಗಾತಿ' ಬಂದವು. ಇಪ್ಪತ್ತು ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, ಕೆಲವು ವರ್ಗದ ಮಹಿಳೆಯರಿಗೆ ಇಬ್ಬರ ಅಭಿಪ್ರಾಯದ ಮೇಲೆ ಇಪ್ಪತ್ತನಾಲ್ಕರವರೆಗೂ ಅವಕಾಶವಿದೆ. ಅವಳ ಗುಟ್ಟು ಬಯಲು ಮಾಡುವುದು ಅಪರಾಧ. ಮದುವೆಯಾಗದವಳನ್ನು ಹೊರಗಿಡಬಾರದೆಂದು 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಹೇಳಿತು. ಆದರೂ ಈ ಕಾಯ್ದೆಯ ಹೊರಗೆ ಮಾಡಿದ್ದು ಇಂದಿಗೂ ಅಪರಾಧವೇ. 2024ರ ಜುಲೈ 1ರಿಂದ ದಂಡಸಂಹಿತೆಯ ಹೆಸರು ಭಾರತೀಯ ನ್ಯಾಯ ಸಂಹಿತೆ ಎಂದಾಯಿತು, ಕಲಮಿನ ಸಂಖ್ಯೆ 312 ಹೋಗಿ 88 ಆಯಿತು.

ಹದಿನೆಂಟು ತುಂಬಿದ ಹೆಂಗಸಿಗೆ ತನ್ನ ಒಪ್ಪಿಗೆ ಒಂದೇ ಸಾಕು ಎಂಬುದು 1971ರಿಂದಲೂ ಕಾಯ್ದೆಯಲ್ಲಿದೆ. ಅದಕ್ಕೆಂದೇ ಇರುವ 'ಸಿ' ನಮೂನೆಯಲ್ಲಿ ಗಂಡನ ಸಹಿಗೆ ಜಾಗವೇ ಇಲ್ಲ. ಸಂಬಂಧಿಕರ ಹುಡುಗಿಯೊಬ್ಬಳ ಜೊತೆ ಆಸ್ಪತ್ರೆಯೊಂದಕ್ಕೆ ಹೋಗಿದ್ದಾಗ ಆ ಹಾಳೆಯನ್ನು ನಾವು ಕಣ್ಣಾರೆ ನೋಡಿದೆವು. ಅವಳ ಸಹಿಯ ಕೆಳಗೆ, ಅಚ್ಚಾದ ಅಕ್ಷರಗಳು ಮುಗಿದ ಖಾಲಿ ಅಂಚಿನಲ್ಲಿ, ಯಾರೋ ಸ್ಕೇಲು ಇಟ್ಟು ಪೆನ್ನಿನಿಂದ ಒಂದು ಗೆರೆ ಎಳೆದು ಅದರ ಮುಂದೆ 'ಗಂಡನ ಸಹಿ' ಎಂದು ಬರೆದಿದ್ದರು.